ಕಣ್ಣ ಮುಂದೆ ಅಳಿಸಿದ ಔಷಧಿ

“ನನ್ನದನ್ನು ಕದ್ದವನ ಮ್ಯಾಲ ಸಿಟ್ಟಾಗೂದು ತಪ್ಪೇನ್ರೀ ಅಜ್ಜಾರ?” ಎಂದು ಮಠದ ಶಿಷ್ಯ ಕಲ್ಲಿನಾಥ ಗುರುಗಳನ್ನು ಕೇಳಿದ.

ಅವನ ಪ್ರವಚನವನ್ನು ಜೊತೆಯ ಶಿಷ್ಯನೊಬ್ಬ ಪಕ್ಕದ ಊರಿನಲ್ಲಿ ಒಂದಕ್ಷರವೂ ಬಿಡದೆ ಒಪ್ಪಿಸಿ, ಹಾರ ಹಾಕಿಸಿಕೊಂಡು ಬಂದಿದ್ದ. ಇನ್ನು ಮುಂದೆ ಅದನ್ನು ಎಲ್ಲಿಯೂ ಹೇಳಕೂಡದೆಂದು ಅವನಿಂದ ಆಣೆ ಮಾಡಿಸಬೇಕೆಂಬುದು ಕಲ್ಲಿನಾಥನ ಹಟ. ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ದನದ ವೈದ್ಯನಿದ್ದ. ಮೂವತ್ತು ವರ್ಷ ಊರೂರು ತಿರುಗಿ, ದನಕರುಗಳ ಯಾವ ಬೇನೆಗೆ ಯಾವ ಸೊಪ್ಪು, ಯಾವ ಬೇರು ಎಂದು ಚೀಟಿಗಳಲ್ಲಿ ಬರೆದಿಟ್ಟಿದ್ದ. ಕೈ ನಡುಗತೊಡಗಿ ಮರೆವೂ ಶುರುವಾದಾಗ, ಟೈಪಿಂಗ್ ಅಂಗಡಿಯ ಒಬ್ಬ ಹೆಂಗಸಿಗೆ ಕೊಟ್ಟು ಎಲ್ಲವನ್ನೂ ಟೈಪು ಮಾಡಿಸಿದ. ತನ್ನ ಹಳೆಯ ಕಂಪ್ಯೂಟರಿನಲ್ಲಿ ಸಿ ಡ್ರೈವಿಗೊಂದು, ಡಿ ಡ್ರೈವಿಗೊಂದು ಪ್ರತಿ ಹಾಕಿಸಿಕೊಂಡು, ಇನ್ನೇನು ಭಯವೆಂದು ಚೀಟಿಗಳನ್ನೆಲ್ಲ ಒಲೆಗೆ ಹಾಕಿದ.

ಕೆಲವು ತಿಂಗಳಾದ ಮೇಲೆ, ಆ ಹೆಂಗಸು ತನ್ನ ಎಮ್ಮೆಯ ಹೊಟ್ಟೆಯುಬ್ಬರಕ್ಕೆ ಅವನ ಔಷಧಿಯನ್ನೇ ಕೊಟ್ಟು ಗುಣಪಡಿಸಿದ ಸುದ್ದಿ ಬಂತು. ಹೇಳದೆ ಕೇಳದೆ ಅವಳೂ ಒಂದು ಪ್ರತಿ ಇಟ್ಟುಕೊಂಡಿದ್ದಳು. ವೈದ್ಯನಿಗೆ ಮೈಯೆಲ್ಲ ಉರಿದುಹೋಯಿತು. ಅವಳ ಅಂಗಡಿಗೆ ನುಗ್ಗಿ, ಬೀದಿಯ ಜನವೆಲ್ಲ ಸೇರುವಂತೆ “ಕಳ್ಳಿ” ಎಂದು ಕೂಗಾಡಿದ. ಪಕ್ಕದಲ್ಲೇ ನಿಂತು, ತನ್ನ ಕಣ್ಣ ಮುಂದೆಯೇ ಎಲ್ಲವನ್ನೂ ಅಳಿಸಿಹಾಕಿಸಿದ.

ಅದಾದ ಎರಡನೆಯ ವರ್ಷ ವೈದ್ಯನ ಕಂಪ್ಯೂಟರು ಟಕಟಕ ಸದ್ದು ಮಾಡಿ ನಿಂತುಬಿಟ್ಟಿತು. ರಿಪೇರಿಯವನು ಮೂರು ದಿನ ಹೆಣಗಿ ಕೈಚೆಲ್ಲಿದ.

“ಹಾರ್ಡ್ ಡಿಸ್ಕ್ ಸತ್ತೈತ್ರೀ. ಹೊಸದು ಹಾಕೀನಿ, ಕಂಪ್ಯೂಟರ್ ನಡೀತೈತಿ. ಒಳಗಿದ್ದದ್ದು ಬರಂಗಿಲ್ಲ.”

“ಡಿ ಡ್ರೈವಿನ್ಯಾಗ ಇನ್ನೊಂದು ಪ್ರತಿ ಇತ್ತಲ್ಲೋ!”

“ಸಿ ಅಂದ್ರೂ ಡಿ ಅಂದ್ರೂ ಒಂದ ಡಿಸ್ಕ್ ಅದು. ಒಂದ ಮನಿಯ ಎರಡು ಖೋಲಿ ಇದ್ದಂಗ. ಬ್ಯಾರೆ ಯಾರ ಹತ್ರನಾದ್ರೂ ಪ್ರತಿ ಐತೇನ್ರೀ?”

ವೈದ್ಯ ರಿಪೇರಿಯವನನ್ನು ಬೈದ, ಕಂಪ್ಯೂಟರನ್ನು ಬೈದ, ಅದನ್ನು ಮಾರಿದವನು ಹುಟ್ಟಿದ ಗಳಿಗೆಯನ್ನೂ ಬೈದ. ಕೊನೆಗೆ ಬೇರೆ ದಾರಿ ಕಾಣದೆ ಆ ಹೆಂಗಸಿನ ಮನೆಗೆ ಹೊರಟ. ಅಂದು ಅವಳು ತನಗೆ ಮೋಸ ಮಾಡಿರಲಿ, ಎಲ್ಲಾದರೂ ಒಂದು ಪ್ರತಿ ಬಚ್ಚಿಟ್ಟಿರಲಿ ಎಂದು ದಾರಿಯುದ್ದಕ್ಕೂ ದೇವರನ್ನು ಬೇಡಿಕೊಂಡ.

“ಒಂದೂ ಇಲ್ರೀ,” ಎಂದಳು ಅವಳು. “ನಿಮ್ಮ ಕಣ್ಣ ಮುಂದನ ಅಳಿಸಿದ್ನಲ್ರೀ. ನೀವು ಕಳ್ಳಿ ಅಂದ ಮ್ಯಾಲ ನನ್ನ ಅಂಗಡಿಗೆ ಯಾರೂ ಬರಲಿಲ್ಲ. ಕಂಪ್ಯೂಟರನ್ನೂ ಮಾರಿದೆ.”

ವೈದ್ಯನಿಗೆ ಪಿತ್ತ ನೆತ್ತಿಗೇರಿತು.

“ಎಂಥ ಕಳ್ಳಿಯವ್ವಾ ನೀನು! ಒಂದು ಪ್ರತಿ ಮುಚ್ಚಿಡಾಕ ಬರಲಿಲ್ಲೇನು ನಿನಗ?”

ಎರಡು ವರ್ಷದಿಂದ ನುಂಗಿಕೊಂಡಿದ್ದ ಸಿಟ್ಟು ಅವಳಲ್ಲಿಯೂ ಇತ್ತು. ಬಾಗಿಲು ಮುಚ್ಚಲು ಹೋದವಳು ತಡೆದು ನಿಂತಳು. “ಎಮ್ಮಿಗೆ ಕೊಟ್ಟದ್ದೊಂದು ನೆನಪೈತಿ. ಬೇಕಾದ್ರ ಬರಕೋರಿ” ಎಂದಳು. ಮೂವತ್ತು ವರ್ಷ ಕೂಡಿಸಿದ್ದರಲ್ಲಿ ಅದೊಂದೇ ಉಳಿದಿತ್ತು.

ಗುರುಗಳು ಕತೆ ನಿಲ್ಲಿಸಿದರು. ಕಲ್ಲಿನಾಥನ ಮುಖ ಇನ್ನೂ ಕೆಂಪಗೇ ಇತ್ತು.

“ಆದ್ರೂ ಆಕಿ ಕೇಳದ ಇಟಗೊಂಡಿದ್ದು ತಪ್ಪಲ್ಲೇನ್ರೀ?”

“ತಪ್ಪು. ನಿನ್ನ ಜೊತೆಯ ಆ ಶಿಷ್ಯನ್ನ ಈಗಲೇ ಕರೆಸ್ತೀನಿ. ನಿನ್ನ ಪ್ರವಚನದಾಗ ಯಾವ್ಯಾವ ಮಾತು ಮರೀಬೇಕು ಅಂತ ನೀನ ಅವಗ ಹೇಳು.”

“ಕರೆಸಬ್ಯಾಡ್ರೀ ಅಜ್ಜಾರ,” ಎಂದ ಕಲ್ಲಿನಾಥ.