ಕಣ್ಣಿನ ಹತ್ತಿರ ನಿಂತ ಕೈ

“ಗುರುಗಳೇ, ಸಿಟ್ಟಿನಲ್ಲಿ ಎತ್ತಿದ ಕೈಯನ್ನು ತಡೆಯುವುದು ಹೇಗೆ? ಅದನ್ನು ಕಲಿಸಿಕೊಡಿ” ಎಂದು ಶಿಷ್ಯನೊಬ್ಬ ಕೇಳಿದ. ಅಂದು ಬೆಳಿಗ್ಗೆ ಅವನು ಜೊತೆಯವನ ಕೆನ್ನೆಗೆ ಹೊಡೆದಿದ್ದ.

“ಕೈಯನ್ನೇ ಪಾಠಕ್ಕೆ ಕರೆತಂದೆಯಾ? ಕೂತುಕೋ” ಎಂದು ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಅವಳಿ ಕಮ್ಮಾರರಿದ್ದರು. ಅಣ್ಣ ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿಯುತ್ತಿದ್ದ, ತಮ್ಮ ಸುತ್ತಿಗೆ ಬೀಸುತ್ತಿದ್ದ. ಹತ್ತು ವರ್ಷದಲ್ಲಿ ಒಂದು ಏಟೂ ತಪ್ಪಿ ಬೀಳಲಿಲ್ಲ. ಅವರ ಕೆಲಸ ನೋಡುವುದೇ ಒಂದು ಸೊಗಸು. ಒಂದು ದಿನ ನೇಗಿಲಿನ ಮೊನೆಯ ಕುಡವೊಂದು ಬಡಿಯುವಾಗ ಕೆಟ್ಟಿತು. ಹಿಡಿದದ್ದು ಸರಿಯಿಲ್ಲ ಎಂದು ಒಬ್ಬ, ಹೊಡೆದದ್ದು ಸರಿಯಿಲ್ಲ ಎಂದು ಇನ್ನೊಬ್ಬ. ಮಾತಿಗೆ ಮಾತು ಬೆಳೆಯಿತು. ತಮ್ಮನು ಇಕ್ಕಳವನ್ನು ಕಿತ್ತುಕೊಂಡು ಎಸೆದ. ಅದು ತಗಲಿ ಅಣ್ಣನ ಒಂದು ಕಣ್ಣು ಹೋಯಿತು.

ಅಣ್ಣ ಯಾರಿಗೂ ದೂರು ಕೊಡಲಿಲ್ಲ. ತಮ್ಮನೇ ನಾಚಿಕೆಯಿಂದ ಊರಿನ ಇನ್ನೊಂದು ತುದಿಯಲ್ಲಿ ಬೇರೆ ಕುಲುಮೆ ಹಾಕಿಕೊಂಡ. ಆರು ವರ್ಷ ಅಣ್ಣನಿಗೆ ಮುಖ ತೋರಿಸಲಿಲ್ಲ.

ಆಮೇಲೆ ತಮ್ಮನ ಹೆಂಡತಿ ಬಸುರಾದಳು. ಹೊಟ್ಟೆಯಲ್ಲಿ ಎರಡು ಕೂಸುಗಳಿವೆ ಎಂದು ತಿಳಿದಾಗ ಮನೆಯವರೆಲ್ಲ ಹಿಗ್ಗಿದರು. ಅವನು ಮಾತ್ರ ಹೆದರಿದ. ತನ್ನ ಕೈಯ ಗುಣವೇ ಅವಕ್ಕೂ ಬಂದರೆ? ಒಂದು ಕೂಸು ಇನ್ನೊಂದರ ಕಣ್ಣು ಕಳೆದರೆ? ಅವನಿಗೆ ಅನ್ನ ಸೇರದಾಯಿತು.

ವೈದ್ಯೆ ಸ್ಕ್ಯಾನಿಂಗ್ ಪರದೆಯಲ್ಲಿ ಕೂಸುಗಳನ್ನು ತೋರಿಸುವಾಗ ಅವನು ಕೇಳಿಯೇಬಿಟ್ಟ: “ಡಾಕ್ಟರಮ್ಮ, ಇವು ಒಳಗೇ ಹೊಡೆದಾಡ್ತಾವಾ?”

ವೈದ್ಯೆ ನಕ್ಕರು. “ನೀವೇ ನೋಡಿ. ಗರ್ಭದ ಗೋಡೆಗೆ ಕೈ ಹೇಗೆ ಬೇಕೋ ಹಾಗೆ ತಗಲುತ್ತೆ. ಜೊತೆ ಕೂಸಿನ ಕಡೆ ಹೋಗುವಾಗ ಮೆಲ್ಲಗಾಗುತ್ತೆ. ಕಣ್ಣಿನ ಹತ್ತಿರ ಇನ್ನೂ ಮೆಲ್ಲಗೆ. ಅವಳಿಗಳ ಮೇಲೆ ಸಂಶೋಧನೆ ಮಾಡಿದವರೂ ಇದನ್ನು ಕಂಡಿದ್ದಾರೆ.”

ಅವನು ನೋಡಿದ. ಹೆಬ್ಬೆರಳಷ್ಟೂ ಇಲ್ಲದ ಒಂದು ಕೈ ನಿಧಾನವಾಗಿ ಬಂತು. ಇನ್ನೊಂದು ಕೂಸಿನ ಕಣ್ಣಿನ ಹತ್ತಿರ ನಿಂತಿತು. ಕೆಳಗಿಳಿದು ಕೆನ್ನೆ ಮುಟ್ಟಿತು. ಇದನ್ನು ಯಾರು ಹೇಳಿಕೊಟ್ಟರು ಎಂದು ಅವನು ಬೆರಗಾದ.

ಹೆಂಡತಿಯನ್ನು ಮನೆಗೆ ಬಿಟ್ಟು ನೆಟ್ಟಗೆ ಅಣ್ಣನ ಕುಲುಮೆಗೆ ಹೋದ. ಕಂಡದ್ದನ್ನೆಲ್ಲ ಹೇಳಿದ. “ಅವ್ವನ ಹೊಟ್ಟೆಯಲ್ಲಿ ನಾನೂ ಹಂಗೇ ಇದ್ದೆನಲ್ಲಣ್ಣ. ಆಮೇಲೆ ನಿನ್ನ ಕಣ್ಣು ತೆಗೆದೆ” ಎಂದು ಅತ್ತ.

ಅಣ್ಣ ಕಬ್ಬಿಣವೊಂದನ್ನು ಬೆಂಕಿಗೆ ಇಟ್ಟ. “ಹೊಡೆದದ್ದು ಒಂದು ದಿನ ಕಣೋ. ಕಾಪಾಡಿದ್ದು ಒಂಬತ್ತು ತಿಂಗಳು” ಎಂದ. ಇಕ್ಕಳದಲ್ಲಿ ಕಬ್ಬಿಣ ಹಿಡಿದು, ಸುತ್ತಿಗೆಯನ್ನು ತಮ್ಮನ ಕಡೆ ಸರಿಸಿದ.

ತಮ್ಮ ಸುತ್ತಿಗೆ ಬೀಸಿದ. ಅಣ್ಣ ಉಳಿದ ಒಂದು ಕಣ್ಣನ್ನು ಮಿಟುಕಿಸಲೂ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಅವರು ಅವಳಿಗಳು ಗುರುಗಳೇ. ನಾನು ಒಬ್ಬನೇ ಹುಟ್ಟಿದವನು. ನನ್ನ ಕೈಗೆ ಅದೆಲ್ಲ ಹೇಗೆ ತಿಳಿದೀತು?” ಎಂದ.

ಗುರುಗಳು ಕೇಳಿದರು: “ಹಾಗಾದರೆ ಬೆಳಿಗ್ಗೆ, ಅಷ್ಟು ಸಿಟ್ಟಿನಲ್ಲೂ, ಜೊತೆಯವನ ಕಣ್ಣು ಬಿಟ್ಟು ಕೆನ್ನೆಗೆ ಹೊಡೆಯುವುದನ್ನು ನಿನಗೆ ಕಲಿಸಿದವರು ಯಾರು?”