ಕಾರ್ಬೆಲ್ ಗಿಟಾರೂ ಕೆಂಚಣ್ಣನ ಕತ್ತಿಯೂ

ಹುಲಿಕುಂಟೆ ಅರಮನೆಗೆ ಕರೆಂಟು ಬಂದದ್ದೇ ತಡ, ರಾಜ ಶರಭನಾಯಕನಿಗೆ ವೀಣೆ ಸಪ್ಪೆಯಾಯಿತು, ಎಲೆಕ್ಟ್ರಿಕ್ ಗಿಟಾರಿನ ಮೇಲೆ ಮನಸ್ಸಾಯಿತು. ರಾಜನ ಮನಸ್ಸು ಅವನಿಗಿಂತ ಮೊದಲೇ ವ್ಯಾಪಾರಿಗಳಿಗೆ ತಿಳಿಯುತ್ತದೆ. ಸಂಕಣ್ಣನೆಂಬವನು ಕೆಂಪಗೆ ಹೊಳೆಯುವ ಗಿಟಾರು ಹೊತ್ತು ಆಸ್ಥಾನಕ್ಕೆ ಬಂದ.

“ಕಾರ್ಬೆಲ್, ಮಹಾಪ್ರಭು. ಈ ಹೆಸರಿಗೆ ನಮ್ಮ ಅಪ್ಪಂದಿರು ಕೈ ಮುಗಿಯುತ್ತಿದ್ದರು.”

ಕಾರ್ಬೆಲ್ ಕಾರ್ಖಾನೆ ಮುಚ್ಚಿ ಒಂದು ತಲೆಮಾರು ಕಳೆದಿತ್ತು. ಸಂಕಣ್ಣ ಕೊಂಡದ್ದು ಹೆಸರನ್ನಷ್ಟೇ. ಗಿಟಾರು ಮಾಡುವವರು ಬೇರೆ ಯಾರೋ, ಹೆಸರು ಅಂಟಿಸುವವನು ಇವನು.

ಅರಮನೆ ಬ್ಯಾಂಡಿನ ಸ್ಯಾಮುವೆಲ್ ಮೇಷ್ಟ್ರು ಒಮ್ಮೆ ನುಡಿಸಿ ನೋಡೋಣವೇ ಎಂದರು. ಸಂಕಣ್ಣ ಕಿವಿ ಮುಚ್ಚಿಕೊಂಡ. ಹೆಸರು ಕೇಳಿದ ಮೇಲೂ ಪರೀಕ್ಷೆಯೆಂದರೆ ಹೆಸರಿಗೇ ಅವಮಾನ ಎಂದ. ಅದು ಘನತೆಯ ಮಾತೆಂದು ರಾಜನಿಗೆ ತೋಚಿತು. ಮೇಷ್ಟ್ರು ಕ್ಷಮೆ ಕೇಳಬೇಕು, ಇಲ್ಲವೇ ಕೆಲಸ ಬಿಡಬೇಕು ಎಂದು ಅಪ್ಪಣೆಯಾಯಿತು. ಮೇಷ್ಟ್ರು ತಲೆಯ ಟೋಪಿ ತೆಗೆದು ಕೆಳಗಿಟ್ಟು ಹೊರಟರು.

ವಿದೂಷಕ ಗುಂಡೋಪಂತನಿಗೆ ಆಸ್ಥಾನದಲ್ಲಿ ಯಾರ ಮೇಲೂ ಅಂಥ ಪ್ರೀತಿಯಿರಲಿಲ್ಲ. ಆದರೆ ಅಲ್ಲಿ ತಮ್ಮ ಕೆಲಸ ಬಲ್ಲವರು ಮೇಷ್ಟ್ರೊಬ್ಬರೇ. ಅವರನ್ನೂ ಕಳಕೊಂಡರೆ ಉಳಿಯುವುದು ತಾನು ಮತ್ತು ಕಂಬಗಳು. ಅವನು ಎದ್ದು ಸಂಕಣ್ಣನನ್ನು ಹೊಗಳಿದ. ಇಂಥವರಿಗೆ ಆಯುಧಪೂಜೆಯ ಮರ್ಯಾದೆಯೇ ಆಗಬೇಕು, ತಲೆಯ ಮೇಲೆ ನಿಂಬೆಹಣ್ಣಿಟ್ಟು ನಮ್ಮ ಕತ್ತಿ ಕೆಂಚಣ್ಣನಿಂದ ಒಂದೇ ಏಟಿಗೆ ಸೀಳಿಸಬೇಕು ಎಂದ. ಕೂದಲೂ ಕೊಂಕದಂತೆ ಹಣ್ಣು ಸೀಳುವ ಕೆಂಚಣ್ಣನ ಹೆಸರು ಏಳು ಸೀಮೆಗೂ ಗೊತ್ತು. ಸಂಕಣ್ಣ ಹಿಗ್ಗಿ ತಲೆಯೊಡ್ಡಿದ.

ಸೋಡಾಗಾಜಿನಂಥ ಕನ್ನಡಕದವನೊಬ್ಬ ಒಂದು ಕೈಯಲ್ಲಿ ಕತ್ತಿ ಹಿಡಿದು, ಬಾಗಿಲ ಚೌಕಟ್ಟು ತಡವುತ್ತ ಒಳಗೆ ಬಂದ. ಉಗ್ರಾಣದ ಗುಮಾಸ್ತ. ಕತ್ತಿಯ ಹರಿತ ಯಾವ ಕಡೆಗೆ ಎಂದು ಕಾವಲುಗಾರನನ್ನು ಮೆಲ್ಲಗೆ ಕೇಳಿದ.

“ಇವರೇನಾ ಕೆಂಚಣ್ಣ?” ಸಂಕಣ್ಣನ ದನಿ ಇಳಿದಿತ್ತು.

“ಅವರ ಮೊಮ್ಮಗ. ಅಜ್ಜ ತೀರಿಕೊಂಡರು. ಪದ್ಧತಿಯಂತೆ ಅಜ್ಜನ ಹೆಸರನ್ನೇ ಇಟ್ಟಿದ್ದಾರೆ,” ಎಂದ ಪಂತ. “ಅಲ್ಲಾಡಬೇಡಿ.”

“ಮೊದಲು ಕಲ್ಲಿನ ಮೇಲೊಂದು ಹಣ್ಣು ಸೀಳಲಿ ಸ್ವಾಮಿ, ನೋಡೋಣ.”

“ಹೆಸರು ಕೇಳಿದ ಮೇಲೂ ಪರೀಕ್ಷೆಯೇ?”

ನಿಂಬೆಹಣ್ಣು ಉರುಳಿ ನೆಲಕ್ಕೆ ಬಿತ್ತು. ರಾಜ ಸಂಕಣ್ಣನನ್ನು ನೋಡಿದ, ಗಿಟಾರನ್ನು ನೋಡಿದ, ಮೇಷ್ಟ್ರನ್ನು ವಾಪಸು ಕರೆಸಿದ.

ಮೇಷ್ಟ್ರು ನುಡಿಸಿದರು. ಒಂದು ಹಾಡು ಮುಗಿಯುವಷ್ಟರಲ್ಲಿ ತಂತಿಗಳು ಶ್ರುತಿ ಬಿಟ್ಟವು. ಮರ ಒಳ್ಳೆಯದೇ, ತಂತಿ ಬಿಗಿಯುವ ಬಿರಡೆಗಳು ಜಾರುತ್ತವೆ, ಬೇರೆ ಹಾಕಿ ತಂದರೆ ನುಡಿಸಬಹುದು ಎಂದರು. ಹೆಸರಿನ ಬಗ್ಗೆ ಏನೂ ಹೇಳಲಿಲ್ಲ. ಸಂಕಣ್ಣ ಗಿಟಾರು ಹೊತ್ತು ನಡೆದ.

ರಾಜ ಗಡ್ಡ ತುರಿಸಿಕೊಂಡ. “ಪಂತರೇ, ಯುದ್ಧ ಗೆದ್ದ ನಮ್ಮಜ್ಜನ ಹೆಸರೂ ಶರಭನಾಯಕನೇ ಅಲ್ಲವೇ?”

“ಅದಕ್ಕೇ ಪ್ರಭು, ಕತ್ತಿಯನ್ನು ತಮ್ಮ ಕೈಗೆ ಕೊಡಲಿಲ್ಲ.”

ರಾಜ ಹುಬ್ಬು ಗಂಟಿಕ್ಕಿದ. ಆಮೇಲೆ ನಕ್ಕ. ಅದು ನಗುವೇ ಎಂದು ಖಾತ್ರಿಯಾದ ಮೇಲೆ ಆಸ್ಥಾನವೂ ನಕ್ಕಿತು.