ಮೇಲಕ್ಕೆ ಜಿಗಿಯುವ ಪಟ್ಟಿ

ತುಂಗಭದ್ರೆಯ ದಂಡೆಯಲ್ಲಿ ನಿಂಗಜ್ಜನ ಆಶ್ರಮ. ಆಶ್ರಮ ಅಂದರೆ ಹುಲಿಚರ್ಮ, ಬೆಳ್ಳಿ ಪಾದುಕೆ ಅಂದುಕೊಳ್ಳಬೇಡಿ. ತಗಡಿನ ಸೂರು, ಎರಡು ಹಳೆಯ ಕಂಪ್ಯೂಟರ್. ಅಜ್ಜ ಅಲ್ಲಿ ಪ್ರೋಗ್ರಾಮ್ ಬರೆಯುವುದನ್ನು ಕಲಿಸುತ್ತಿದ್ದ.

ಫಕೀರೇಶ ಅವನ ಶಿಷ್ಯ. ಜಾಣ. ತಾನು ಜಾಣ ಅಂತ ಅವನಿಗೂ ಗೊತ್ತಿತ್ತು.

ಆ ದಿನ ಆಶ್ರಮದಲ್ಲಿ ಕಣ್ಣಿನ ಶಿಬಿರ. ಪೊರೆ ಬಂದವರನ್ನು ಡಾಕ್ಟರು ಪರೀಕ್ಷೆ ಮಾಡಿ ಆಪರೇಷನ್ನಿಗೆ ಆರಿಸುತ್ತಿದ್ದರು. ಡಾಕ್ಟರು ಸಂಜೆ ಹೊರಡುವವರು, ಮತ್ತೆ ಬರುವುದು ಮುಂದಿನ ವರ್ಷ. ಅಲ್ಲಿಯತನಕ ಬಡವರ ಕಣ್ಣು ಉಳಿಯಬೇಕೆಂಬ ಕಾನೂನೇನೂ ಇಲ್ಲ.

ಹೆಸರು ಕರೆಯುವ ಪ್ರೋಗ್ರಾಮ್ ಫಕೀರೇಶ ಬರೆದದ್ದು. ಬಾಗಿಲಲ್ಲಿ ಒಬ್ಬರು ಬಂದವರ ಹೆಸರು ಸೇರಿಸುತ್ತಿದ್ದರು, ಬೇಸತ್ತು ಮನೆಗೆ ಹೋದವರ ಹೆಸರು ತೆಗೆಯುತ್ತಿದ್ದರು. ಅದು ಒಳಗೆ ಇವನ ಪರದೆಯ ಪಟ್ಟಿಯಲ್ಲಿ ಕಾಣುತ್ತಿತ್ತು. ಇವನು ಒಂದು ಹೆಸರನ್ನು ಒತ್ತಿದರೆ ಆ ಸಾಲು ನೀಲಿಯಾಗುತ್ತದೆ. ಕೂಗಬೇಕು, ಡಾಕ್ಟರ ಬಳಿ ಕಳಿಸಬೇಕು, ಅವರು ಹೊರಬಂದ ಮೇಲೆ ‘ನೋಡಿದ್ದಾಯಿತು’ ಎಂಬ ಗುಂಡಿ ಒತ್ತಬೇಕು. ನೀಲಿ ಸಾಲಿನ ಹೆಸರಿಗೆ ಗುರುತು ಬೀಳುತ್ತದೆ. ಆಮೇಲೆ ಕೆಳಗಿನ ಹೆಸರು.

ಪಟ್ಟಿ ಮೊದಲು ಬಂದವರ ಸರದಿಯಲ್ಲೇ ಇತ್ತು. ಅವನಿಗೆ ಅದು ಚೆಂದ ಕಾಣಲಿಲ್ಲ, ಅಕ್ಷರಕ್ರಮಕ್ಕೆ ತಿರುಗಿಸಿದ. ಹೆಸರು ಸೇರಿದಾಗೆಲ್ಲ, ಹೋದಾಗೆಲ್ಲ, ಪಟ್ಟಿ ಪೂರ್ತಿ ಖಾಲಿಯಾಗಿ ಹೊಸದಾಗಿ ತುಂಬುವಂತೆ ಬರೆದ. ತುಂಬಿದ ಕೂಡಲೇ ನೀಲಿ ಬಣ್ಣ ಮೇಲಿನ ಹೆಸರಿಗೆ ಜಿಗಿಯುತ್ತಿತ್ತು. ಇವನೂ ಅಲ್ಲಿಂದಲೇ ಮತ್ತೆ ಇಳಿಯುತ್ತಿದ್ದ. ದಾರಿಯಲ್ಲಿ ಹೊಸ ಹೆಸರು ಸಿಕ್ಕರೆ ಅವರನ್ನು ಕರೆಯುತ್ತಿದ್ದ.

ಹೊನ್ನೂರಮ್ಮನ ಹೆಸರು ತಳದಲ್ಲಿತ್ತು. ಎರಡೂ ಕಣ್ಣಿಗೆ ಪೊರೆ. ಬೆಳಕು ಹರಿಯುವ ಮುಂಚೆ ಬಂದವಳು, ಮಧ್ಯಾಹ್ನವಾದರೂ ಕೂತೇ ಇದ್ದಳು.

“ಏ ತಮ್ಮಾ, ನಾ ಬಂದಾಗ ನಿನ್ನ ಕುರ್ಚಿ ಸೈತ ಬಂದಿರಲಿಲ್ಲ. ಆ ಅಂದಾನಪ್ಪ ಈಗ ಬಂದಾಂವ, ತೋರಿಸ್ಕೊಂಡು ಬೀಡಿ ಸೇದಾಕ ಕುಂತಾನ. ನಂದು ಯಾವಾಗ?”

“ಪಟ್ಟಿ ಪ್ರಕಾರ ಬರತೈತಿ, ಯಮ್ಮಾ.”

“ನಾ ಪೂರಾ ಕುರುಡಿ ಆದ ಮ್ಯಾಲ ಬರತೈತೇನು?”

ಅಜ್ಜ ಕೇಳಿಸಿಕೊಂಡ. “ಫಕೀರೇಶ, ಊಟಕ್ಕ ಏಳು” ಅಂದ.

ಅಂಗಳದಲ್ಲಿ ಎಲೆ ಹಾಕಿದ್ದರು. ಹೊನ್ನೂರಮ್ಮ ಸರದಿ ತಪ್ಪೀತೆಂದು ಏಳಲಿಲ್ಲ. ಅಜ್ಜ ಶಿಷ್ಯನನ್ನು ಕೊನೆಯ ಎಲೆಗೆ ಕೂರಿಸಿ, ತಾನೇ ಹುಗ್ಗಿಯ ಬಕೆಟ್ಟು ಹಿಡಿದು ಮೊದಲ ಎಲೆಯಿಂದ ಬಡಿಸುತ್ತ ಬಂದ.

ಅರ್ಧ ಸಾಲಿಗೆ ಬರುವಷ್ಟರಲ್ಲಿ ಯಾರೋ ಬಂದು ನಡುವೆ ಕೂತರು. ಅಜ್ಜ ತಿರುಗಿ ಮೊದಲ ಎಲೆಗೆ ಹೋದ. ಅಲ್ಲಿಂದ ಮತ್ತೆ ಬಡಿಸಿದ.

ಇನ್ನೊಬ್ಬರು ಬಂದರು. ಮತ್ತೆ ಮೊದಲ ಎಲೆ.

“ಸಾಕ್ರೀ ಅಜ್ಜಾರ, ಹೊಟ್ಟಿ ಒಡೀತೈತಿ!” ಮೊದಲ ಎಲೆಯಲ್ಲಿ ಕೂತಿದ್ದ ಅಂದಾನಪ್ಪ ಎರಡೂ ಕೈ ಅಡ್ಡ ಹಿಡಿದ.

ಬಕೆಟ್ಟು ಬರಿದಾಯಿತು. ಕೊನೆಯ ಎಲೆಯಲ್ಲಿ ಉಪ್ಪು ಮಾತ್ರ ಇತ್ತು.

“ಇದೇನ್ರೀ ಅಜ್ಜಾರ! ಒಬ್ಬರು ಬಂದ್ರ ಮತ್ತ ಮೊದಲಿಂದ ಯಾಕ?”

“ಪಟ್ಟಿ ಪ್ರಕಾರ ಬರತೈತಿ, ತಮ್ಮಾ.”

ಫಕೀರೇಶ ಹಸಿದುಕೊಂಡೇ ಎದ್ದು ಕಂಪ್ಯೂಟರಿನ ಮುಂದೆ ಕೂತ. ನೀಲಿ ಬಣ್ಣ ಮೇಲಿನಿಂದ ಎಷ್ಟನೆಯ ಸಾಲಿನಲ್ಲಿದೆ ಎಂದು ಪ್ರೋಗ್ರಾಮ್ ನೆನಪಿಡಬೇಕು, ಪಟ್ಟಿ ತುಂಬಿದ ಮೇಲೆ ಅದನ್ನು ಅದೇ ಸಾಲಿಗೆ ತಂದಿಡಬೇಕು, ಹಾಗೆ ಬರೆದ. ಮೊದಲ ಹೆಸರನ್ನು ಒತ್ತಿ, ಹೊಸದೊಂದು ಹೆಸರು ಸೇರಿಸಿ ನೋಡಿದ. ಬಣ್ಣ ಕದಲಲಿಲ್ಲ.

“ಸರಿ ಆತ್ರೀ ಅಜ್ಜಾರ.”

ಅಜ್ಜ ಹೊನ್ನೂರಮ್ಮನ ಕಡೆ ನೋಡಿದ.

ಈಗ ಪಟ್ಟಿ ಕೆಳಗೆ ಇಳಿಯಿತು. ಹೊತ್ತು ಇಳಿಯುವಾಗ ಹುಲಿಗೆಮ್ಮನ ಹೆಸರು ಬಂತು. ಅವಳ ಕೆಳಗೆ ಹೊನ್ನೂರಮ್ಮ ಒಬ್ಬಳೇ.

ಹುಲಿಗೆಮ್ಮ ಡಾಕ್ಟರ ಮುಂದೆ ಕೂತಿದ್ದಾಗ, ತಡವಾಗಿ ಬಂದು, ಹೆಸರು ನೀಲಿ ಸಾಲಿನ ಮೇಲೆ ಸೇರಿದ್ದರಿಂದ ಕರೆ ಬಾರದೆ ಕಾದು ಸಾಕಾದ ಒಬ್ಬ ಬಸ್ಸು ಹಿಡಿಯಲು ಹೊರಟ. ಬಾಗಿಲಲ್ಲಿ ಅವನ ಹೆಸರು ತೆಗೆದರು. ಅವನ ಕೆಳಗಿದ್ದವರೆಲ್ಲ ಒಂದು ಸಾಲು ಮೇಲೆ ಏರಿದರು. ನೀಲಿ ಬಣ್ಣ ಇದ್ದ ಸಾಲಿನಲ್ಲೇ ಉಳಿಯಿತು. ಆ ಸಾಲಿನಲ್ಲಿ ಈಗ ಹೊನ್ನೂರಮ್ಮ.

ಹುಲಿಗೆಮ್ಮ ಹೊರಬಂದಳು. ಫಕೀರೇಶ ಪರದೆ ನೋಡದೆ ಗುಂಡಿ ಒತ್ತಿದ. ಆಮೇಲೆ ನೋಡಿದ. ಹೊನ್ನೂರಮ್ಮ, ನೋಡಿದ್ದಾಯಿತು. ಕೆಳಗೆ ಯಾರೂ ಇಲ್ಲ.

“ಮುಗೀತು ಡಾಕ್ಟ್ರೇ” ಎಂದು ಕೂಗಿದ.

ಡಾಕ್ಟರು ಚೀಲ ಕಟ್ಟಿ ಜೀಪು ಹತ್ತಿದರು.

“ಮುಗೀತಾ?” ಹೊನ್ನೂರಮ್ಮ ಗೋಡೆ ಹಿಡಿದು ಎದ್ದಳು. “ನನ್ನ ಯಾವಾಗ ನೋಡಿದ್ರಪ್ಪಾ? ನನಗಂತೂ ಕಣ್ಣು ಕಾಣಂಗಿಲ್ಲ. ನಿಮಗ ಏನಾಗೇತಿ?”

ಜೀಪು ಶುರುವಾಯಿತು. ನಿಂಗಜ್ಜ ಹೋಗಿ ಅದರ ಮುಂದೆ ನೆಲದ ಮೇಲೆ ಕೂತ.

“ಏಳ್ರೀ ಅಜ್ಜಾರೇ, ಪಟ್ಟಿ ಮುಗಿದಿದೆ” ಎಂದರು ಡಾಕ್ಟರು.

“ಪಟ್ಟಿ ಮುಗದೈತಿ. ಮಂದಿ ಮುಗದಿಲ್ಲ.”

“ನನಗೆ ತಡ ಆಗುತ್ತೆ.”

“ಆಕಿಗೆ ಮುಂಜಾನಿಂದ ಆಗೇತಿ.”

ಡಾಕ್ಟರು ಹಾರ್ನ್ ಹೊಡೆಸಿದರು. ಅಜ್ಜ ಕಾಲು ಚಾಚಿಕೊಂಡ. ಕೊನೆಗೆ ಡಾಕ್ಟರು ಇಳಿದರು, ಚೀಲ ಬಿಚ್ಚಿದರು, ಹೊನ್ನೂರಮ್ಮನ ಕಣ್ಣಿಗೆ ಬ್ಯಾಟರಿ ಹಿಡಿದರು. ಆಪರೇಷನ್ನಿಗೆ ಅವಳ ಹೆಸರು ಬರೆದುಕೊಂಡು, ಅವಳನ್ನೂ ಜೀಪಿಗೆ ಹತ್ತಿಸಿಕೊಂಡು ಹೋದರು.

ಧೂಳು ಇಳಿಯಿತು. ಶಿಷ್ಯ ತಲೆ ಎತ್ತಲಿಲ್ಲ.

“ಏನು ನೆನಪಿಟ್ಟಿದ್ದಿ?” ಅಜ್ಜ ಕೇಳಿದ.

“ಸಾಲು, ಅಜ್ಜಾರ. ಎಷ್ಟನೇ ಸಾಲು ಅಂತ.”

“ಸಾಲಿನ್ಯಾಗ ಯಾರಿದ್ರು?”

ಫಕೀರೇಶ ಕಂಪ್ಯೂಟರಿನತ್ತ ತಿರುಗಿದ. ಹೋಗಿ ಮತ್ತೆ ಕೂತ. ಪಟ್ಟಿಯನ್ನು ಬಂದವರ ಸರದಿಗೆ ತಂದ. ಪ್ರತಿಯೊಬ್ಬರಿಗೂ ಅವರದೇ ಒಂದು ಸಂಖ್ಯೆ ಕೊಟ್ಟ. ಯಾರು ಬರಲಿ, ಯಾರು ಹೋಗಲಿ, ಕರೆದ ಮನುಷ್ಯ ಪಟ್ಟಿಯಲ್ಲಿ ಎಲ್ಲಿದ್ದರೆ ಬಣ್ಣ ಅಲ್ಲಿಗೇ ಹೋಗುವಂತೆ ಬರೆದ. ಮುಗಿಸಿ ಅಜ್ಜನ ಬಳಿ ಬಂದ.

“ಈ ಸಲ ತಪ್ಪಿಲ್ಲರೀ. ಹೆಸರು ಸೇರಿಸಿ ನೋಡೀನಿ, ತಗದು ನೋಡೀನಿ. ಕದಲಲಿಲ್ಲ.”

“ಯಾರನ್ನ ಒತ್ತಿ ನೋಡಿದಿ?”

“ಮೊದಲನೇ ಹೆಸರು...”

ಅಜ್ಜ ಬರಿದಾದ ಬಕೆಟ್ಟನ್ನು ತೊಳೆಯಲು ಹೊಳೆಯ ಕಡೆ ಹೊರಟ.

“ಎಲ್ಲಾರದೂ ಊಟ ಆತೇನು ಅಂತ ಅಂದಾನಪ್ಪನ್ನ ಕೇಳಬ್ಯಾಡ, ತಮ್ಮಾ. ಕೊನೀ ಎಲಿಯಾಂವನ್ನ ಕೇಳು.”